ಹಳೆಯ ಎಂಎಂ 540 ಜೀಪಿಗೆ ಯಾವ ಎಂಜಿನ್? ಐದು ದಾರಿಗಳ ಹೋಲಿಕೆ

ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆಗಳ ಕಾಫಿ ತೋಟಗಳಲ್ಲಿ ಗೊಬ್ಬರದ ಚೀಲ, ಹಣ್ಣಿನ ಮೂಟೆ, ನೀರಾವರಿಯ ಪೈಪುಗಳನ್ನು ಹೊತ್ತು ಕೆಸರಿನ ಏರು ಹತ್ತುವ ಮಹೀಂದ್ರಾ ಎಂಎಂ 540 ಜೀಪುಗಳು ಇಂದಿಗೂ ದುಡಿಯುತ್ತಿವೆ. ಇವುಗಳ ಛಾಸಿ ತುಕ್ಕು ಹಿಡಿದರೆ ವೆಲ್ಡಿಂಗ್ ಮಾಡಿಸಬಹುದು, ಬಾಡಿ ಹೋದರೆ ಹೊಸ ತಗಡು ಹಾಕಿಸಬಹುದು, ಆಕ್ಸಲ್ಲಿನ ಬೇರಿಂಗುಗಳು ಯಾವ ಊರಿನಲ್ಲಾದರೂ ಸಿಗುತ್ತವೆ. ಜೀಪಿನ ಆಯುಷ್ಯವನ್ನು ನಿರ್ಧರಿಸುವುದು ಕೊನೆಗೆ ಎಂಜಿನ್ನೇ. ಬೆಳಗಿನ ಚಳಿಯಲ್ಲಿ ಹತ್ತಾರು ಸಲ ಸೆಲ್ಫ್ ಹೊಡೆದರೂ ಎದ್ದೇಳದೆ, ಎದ್ದ ಮೇಲೆ ನೀಲಿ ಹೊಗೆ ಉಗುಳುತ್ತ, ವಾರಕ್ಕೊಂದು ಲೀಟರ್ ಆಯಿಲ್ ಕುಡಿಯುವ ಹಂತಕ್ಕೆ ಬಂದಾಗ ಮೆಕ್ಯಾನಿಕ್ "ಎಂಜಿನ್ ಇಳಿಸಲೇಬೇಕು ಸಾರ್" ಎನ್ನುತ್ತಾರೆ. ಇಳಿಸಿದ ಜಾಗದಲ್ಲಿ ಏನನ್ನು ಕೂರಿಸಬೇಕು ಎಂಬುದೇ ಈ ಬರಹದ ವಿಷಯ.

ಮಾಲೀಕನ ಮುಂದೆ ಸಾಮಾನ್ಯವಾಗಿ ಐದು ದಾರಿಗಳಿರುತ್ತವೆ: ಇರುವ ಎಂಜಿನ್ನನ್ನೇ ಪೂರ್ತಿ ಬಿಚ್ಚಿ ಕೆಲಸ ಮಾಡಿಸುವುದು, ಅದೇ ಮಾದರಿಯ ಹಳೆಯ ಎಂಜಿನ್ ತಂದು ಕೂರಿಸುವುದು, ಅದೇ ವಂಶದ ದೊಡ್ಡ ಎಂಜಿನ್ ಹಾಕುವುದು, ಮಹೀಂದ್ರಾದ ಡಿಐ (ಡೀಸೆಲ್ಲನ್ನು ನೇರವಾಗಿ ಪಿಸ್ಟನ್ನಿನ ಮೇಲೆ ಚಿಮ್ಮಿಸುವ) ಎಂಜಿನ್ ಹಾಕುವುದು, ಟೊಯೋಟಾ ಅಥವಾ ಇಸುಜುವಿನಂತಹ ಬೇರೆ ಕಂಪನಿಯ ಎಂಜಿನ್ ಹಾಕುವುದು. ಗ್ಯಾರೇಜುಗಳಲ್ಲಿ ಇದರ ಮಾತು ಬಂದಾಗ ಮೊದಲು ಕೇಳಿಬರುವ ಪ್ರಶ್ನೆ "ಯಾವುದಕ್ಕೆ ಪವರ್ ಜಾಸ್ತಿ?" ಎಂಬುದು. ಆ ಪ್ರಶ್ನೆಯನ್ನು ಕೊನೆಗೆ ಕೇಳಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ನಿಮ್ಮ ಬ್ಲಾಕು (ಎಂಜಿನ್ನಿನ ಎರಕದ ಮುಖ್ಯ ಒಡಲು) ಯಾವ ಸ್ಥಿತಿಯಲ್ಲಿದೆ, ನಿಮ್ಮ ಆರ್‌ಸಿಯಲ್ಲಿ ಏನು ಬರೆದಿದೆ, ನಿಮ್ಮ ಗೇರ್‌ಬಾಕ್ಸಿನ ಮುಂದಿರುವ ಬೆಲ್ ಹೌಸಿಂಗಿಗೆ (ಕ್ಲಚ್ಚನ್ನು ಮುಚ್ಚಿ ಗೇರ್‌ಬಾಕ್ಸನ್ನು ಎಂಜಿನ್ನಿಗೆ ಜೋಡಿಸುವ ಕವಚ) ಯಾವುದು ಹೊಂದುತ್ತದೆ ಎಂಬ ಮೂರು ಸಂಗತಿಗಳು ಗೊತ್ತಾದರೆ ಐದು ದಾರಿಗಳಲ್ಲಿ ಮೂರು ತಾವಾಗಿಯೇ ಮುಚ್ಚಿಹೋಗುತ್ತವೆ.

ಇರುವ ಎಂಜಿನ್ನನ್ನೇ ಉಳಿಸಿಕೊಳ್ಳುವುದು

ಎಂಎಂ 540ರಲ್ಲಿ ಬಂದದ್ದು ಪೆಜೋ ವಿನ್ಯಾಸದ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್. ಅದರ ಬೋರ್ (ಸಿಲಿಂಡರಿನ ಅಗಲ) 90 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ) 83 ಮಿಲಿಮೀಟರ್. ನಾಲ್ಕು ಸಿಲಿಂಡರ್ ಸೇರಿ 2112 ಸಿಸಿ, ಸುಮಾರು 62 ಅಶ್ವಶಕ್ತಿ. ಇದು ಇನ್‌ಡೈರೆಕ್ಟ್ ಇಂಜೆಕ್ಷನ್ ಎಂಜಿನ್. ಅಂದರೆ ಡೀಸೆಲ್ಲು ನೇರವಾಗಿ ಪಿಸ್ಟನ್ನಿನ ಮೇಲೆ ಬೀಳದೆ ಹೆಡ್ಡಿನಲ್ಲಿರುವ ಚಿಕ್ಕ ಕೋಣೆಯೊಳಗೆ ಮೊದಲು ಉರಿಯುತ್ತದೆ. ಸದ್ದು ಮೆದುವಾಗಿರುವುದಕ್ಕೂ, ಚಳಿಯಲ್ಲಿ ಹೀಟರ್ ಪ್ಲಗ್ಗಿನ ನೆರವು ಬೇಕಾಗುವುದಕ್ಕೂ ಇದೇ ಕಾರಣ. ಎಷ್ಟೋ ಸಲ "ಎಂಜಿನ್ ಹೋಗಿದೆ" ಎಂದು ತೀರ್ಮಾನಿಸಿದ ಜೀಪಿನಲ್ಲಿ ನಿಜಕ್ಕೂ ಹೋಗಿರುವುದು ಎರಡು ಹೀಟರ್ ಪ್ಲಗ್ಗು, ಸೋರುವ ಇಂಜೆಕ್ಟರು ಮತ್ತು ಸವೆದ ಡೀಸೆಲ್ ಪಂಪು ಮಾತ್ರ ಆಗಿರುತ್ತದೆ. ಆದ್ದರಿಂದ ಎಂಜಿನ್ ಇಳಿಸುವ ಮೊದಲು ಒಂದು ದಿನವನ್ನು ಪರೀಕ್ಷೆಗೆ ಮೀಸಲಿಡುವುದು ಒಳ್ಳೆಯದು.

ಆ ಪರೀಕ್ಷೆ ಕಷ್ಟದ್ದಲ್ಲ. ಎಂಜಿನ್ ಬಿಸಿಯಾದ ಮೇಲೆ ಆಯಿಲ್ ತುಂಬುವ ಮುಚ್ಚಳ ತೆಗೆದು ನೋಡಿದರೆ, ಪಿಸ್ಟನ್ ರಿಂಗು ಮತ್ತು ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಸವೆದ ಎಂಜಿನ್ನಿನಲ್ಲಿ ಅಲ್ಲಿಂದ ಹೊಗೆ ರಭಸವಾಗಿ ಮೇಲೆ ನುಗ್ಗುತ್ತದೆ. ಆರೋಗ್ಯವಾಗಿರುವ ಎಂಜಿನ್ನಿನಲ್ಲಿ ತೆಳುವಾದ ಆವಿಯಷ್ಟೇ ಕಾಣುತ್ತದೆ. ನಂತರ ಇಂಜೆಕ್ಟರ್ ಅಥವಾ ಹೀಟರ್ ಪ್ಲಗ್ ತೆಗೆದ ತೂತಿಗೆ ಡೀಸೆಲ್ ಎಂಜಿನ್ನಿಗೆಂದೇ ಇರುವ ಗೇಜು ಹಾಕಿ ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಅದುಮುವ ಒತ್ತಡ) ಅಳೆಯಬೇಕು. ಪೆಟ್ರೋಲ್ ಎಂಜಿನ್ನಿನ ಗೇಜು ಈ ಒತ್ತಡವನ್ನು ತಾಳುವುದಿಲ್ಲ. ನಾಲ್ಕರಲ್ಲೂ ಒತ್ತಡ ಹೆಚ್ಚುಕಡಿಮೆ ಸಮವಾಗಿದ್ದು ಒಟ್ಟಾರೆ ಕಡಿಮೆಯಿದ್ದರೆ ಅದು ವಯಸ್ಸಿನ ಸವೆತ. ಒಂದರಲ್ಲಿ ಮಾತ್ರ ತೀರ ಕುಸಿದಿದ್ದರೆ ವಾಲ್ವ್, ಗ್ಯಾಸ್ಕೆಟ್ ಅಥವಾ ಹೆಡ್ಡಿನ ಬಿರುಕನ್ನು ಶಂಕಿಸಬೇಕು. ಪಕ್ಕಪಕ್ಕದ ಎರಡರಲ್ಲಿ ಕುಸಿದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆಯೇ ಹೆಚ್ಚು, ಮತ್ತು ಅದಕ್ಕೆ ಎಂಜಿನ್ ಬದಲಿಸುವ ಅಗತ್ಯವಿಲ್ಲ.

ಎಕ್ಸ್‌ಡಿಪಿ ಎಂಜಿನ್ನಿನ ದೊಡ್ಡ ಗುಣವೆಂದರೆ ಅದರ ಲೈನರುಗಳು ನೀರಿನಲ್ಲಿ ಮುಳುಗಿರುವ ಬಗೆಯವು. ಹಳೆಯ ಲೈನರನ್ನು ಎಳೆದು ತೆಗೆದು ಹೊಸದನ್ನು ಪಿಸ್ಟನ್ ಸಮೇತ ಕೂರಿಸಬಹುದಾದ್ದರಿಂದ ಬ್ಲಾಕನ್ನು ಮತ್ತೆ ಮತ್ತೆ ಬೋರ್ ಮಾಡಿಸಿ ತೆಳುವಾಗಿಸುವ ಸಮಸ್ಯೆಯೇ ಇಲ್ಲ. ಕ್ರ್ಯಾಂಕನ್ನು (ಪಿಸ್ಟನ್ನುಗಳು ತಿರುಗಿಸುವ ಶಾಫ್ಟು) ಲೇತಿಗೆ ಕಳಿಸಿ ಗ್ರೈಂಡಿಂಗ್ ಮಾಡಿಸಿ, ಅದಕ್ಕೆ ಹೊಂದುವ ಅಂಡರ್‌ಸೈಜ್ ಬೇರಿಂಗ್ ಹಾಕಿದರೆ, ಬ್ಲಾಕು ಬಿರುಕು ಬಿಡದೆ ಇರುವವರೆಗೂ ಈ ಎಂಜಿನ್ನಿಗೆ ಮರುಜನ್ಮವಿದೆ. ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಲೈನರ್ ಕೂರುವ ಕೆಳಗಿನ ಅಂಚಿನಲ್ಲಿ ತುಕ್ಕು ತಿಂದು ಗುಳಿ ಬಿದ್ದಿದ್ದರೆ ಹೊಸ ಲೈನರಿನ ಕೆಳಗಿನಿಂದಲೂ ನೀರು ಆಯಿಲ್ ಚೇಂಬರಿಗೆ ಇಳಿಯುತ್ತದೆ. ಲೈನರುಗಳ ತಲೆ ಬ್ಲಾಕಿನ ಮಟ್ಟಕ್ಕಿಂತ ಮೇಲೆ ನಿಲ್ಲಬೇಕಾದ ಕೂದಲೆಳೆಯ ಎತ್ತರ ನಾಲ್ಕರಲ್ಲೂ ಒಂದೇ ಸಮನಾಗಿರದಿದ್ದರೆ ಹೆಡ್ ಗ್ಯಾಸ್ಕೆಟ್ ಕೆಲವೇ ತಿಂಗಳಲ್ಲಿ ಹೋಗುತ್ತದೆ. ಈ ಎರಡನ್ನು ಡಯಲ್ ಗೇಜಿನಿಂದ ಅಳೆದು ತೋರಿಸಿ ಎಂದು ಕೇಳುವ ಹಕ್ಕು ಹಣ ಕೊಡುವವರಿಗಿದೆ. ಕೈ ಬೆರಳಿನಲ್ಲಿ ಸವರಿ "ಸರಿ ಇದೆ" ಎನ್ನುವ ಕಡೆ ಕೆಲಸ ಕೊಡಬಾರದು.

ಈ ದಾರಿಯ ಕೊರತೆ ಸಮಯ. ಲೈನರ್ ಸೆಟ್ಟು ಒಂದು ಕಡೆ, ಬೇರಿಂಗ್ ಇನ್ನೊಂದು ಕಡೆ, ಹೆಡ್ಡಿನ ಕೆಲಸ ಮತ್ತೊಂದು ಕಡೆ ಎಂದು ಅಲೆದಾಡುವಾಗ ಕೊಯ್ಲಿನ ಕಾಲ ಕೈಜಾರಿ ಹೋಗಬಹುದು. ಜೀಪೇ ಜೀವನಾಧಾರವಾದವರು ಇದನ್ನು ಮಳೆಗಾಲಕ್ಕೆ ಇಟ್ಟುಕೊಳ್ಳುವುದು ಸೂಕ್ತ.

ಆರ್‌ಸಿ ಏನು ಹೇಳುತ್ತದೆ

ಹೋಲಿಕೆಯಲ್ಲಿ ಎರಡನೆಯ ಸ್ಥಾನವನ್ನು ನಾನು ಕಾನೂನಿಗೆ ಕೊಡುತ್ತೇನೆ, ಏಕೆಂದರೆ ಎಂಜಿನ್ ಕೂರಿಸಿದ ಮೇಲೆ ಇದನ್ನು ಯೋಚಿಸಿದವರು ಪಟ್ಟ ಪಾಡನ್ನು ಹತ್ತಿರದಿಂದ ನೋಡಿದ್ದೇನೆ. ನೋಂದಣಿ ಪತ್ರದಲ್ಲಿ ಎಂಜಿನ್ ನಂಬರು, ಸಿಸಿ, ಇಂಧನ ಎಲ್ಲವೂ ದಾಖಲಾಗಿರುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಮಾತನ್ನು ಎತ್ತಿಹಿಡಿಯಿತು. ಅದೇ ವರ್ಷ ತಿದ್ದುಪಡಿಯ ಮೂಲಕ ಸೇರಿದ 182ಎ ಕಲಮು, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ.

ಹಾಗೆಂದ ಮಾತ್ರಕ್ಕೆ ಎಂಜಿನ್ ಬದಲಿಸುವುದೇ ಅಪರಾಧವೆಂದು ತಿಳಿಯಬೇಕಿಲ್ಲ. ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ನನ್ನು ಹಾಕಿ ಹೊಸ ನಂಬರನ್ನು ಆರ್‌ಸಿಯಲ್ಲಿ ನಮೂದಿಸಿಕೊಳ್ಳುವುದಕ್ಕೆ ದಾರಿಯಿದೆ. ಕೂರಿಸುವ ಮೊದಲೇ ನಿಮ್ಮ ಪ್ರಾದೇಶಿಕ ಸಾರಿಗೆ ಕಚೇರಿಗೆ ಅರ್ಜಿ ಕೊಟ್ಟು ಒಪ್ಪಿಗೆ ಪಡೆದು, ಕೂರಿಸಿದ ಮೇಲೆ ಮೋಟಾರು ವಾಹನ ನಿರೀಕ್ಷಕರಿಗೆ ಜೀಪು ತೋರಿಸಿ ನಂಬರನ್ನು ದಾಖಲಿಸಿಕೊಳ್ಳಬೇಕು. ಇದಕ್ಕೆ ಎಂಜಿನ್ ಎಲ್ಲಿಂದ ಬಂತು ಎಂಬುದರ ಪುರಾವೆ ಬೇಕು: ಎಂಜಿನ್ ನಂಬರು ಬರೆದ ರಸೀದಿ ಮತ್ತು ಅದು ಮೊದಲಿದ್ದ ವಾಹನದ ಆರ್‌ಸಿಯ ನಕಲು. ರಸೀದಿ ಕೊಡಲು ಹಿಂಜರಿಯುವ ವ್ಯಾಪಾರಿಯ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬರಬೇಕು, ಏಕೆಂದರೆ ಅದು ಕಳವಿನ ಗಾಡಿಯದ್ದಾಗಿದ್ದರೆ ನಾಳೆ ಠಾಣೆಯಲ್ಲಿ ಉತ್ತರ ಕೊಡಬೇಕಾದವರು ನೀವು. ನಂಬರನ್ನು ಉಜ್ಜಿ ಅಳಿಸಿ ಹಳೆಯ ನಂಬರನ್ನೇ ಹೊಡೆದುಕೊಡುತ್ತೇವೆ ಎನ್ನುವವರೂ ಸಿಗುತ್ತಾರೆ. ಅದು ನೇರವಾಗಿ ಫೋರ್ಜರಿ, ಅದರ ಹತ್ತಿರಕ್ಕೂ ಹೋಗಬಾರದು.

ಹದಿನೈದು ವರ್ಷ ದಾಟಿದ ಜೀಪಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಾಗಿದ್ದು, ಪ್ರತಿ ಸಲವೂ ಎಂಜಿನ್ ನಂಬರನ್ನು ಆರ್‌ಸಿಯೊಂದಿಗೆ ತಾಳೆ ನೋಡುತ್ತಾರೆ. ಹಾಗಾಗಿ ಬೇರೆ ಸಿಸಿಯ ಎಂಜಿನ್ ಹಾಕಿದವರು ಇಂದಲ್ಲ ನಾಳೆ ಸಿಕ್ಕಿಬೀಳುತ್ತಾರೆ, ಮತ್ತು ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ಅದೊಂದೇ ಕಾರಣ ಸಾಕು. ತೋಟದ ಬೇಲಿಯೊಳಗೆ ಮಾತ್ರ ಓಡುವ, ರಸ್ತೆಗೆ ಇಳಿಯದ ಜೀಪಿಗೆ ಈ ಕಟ್ಟುಗಳು ಇಷ್ಟು ಬಿಗಿಯಾಗಿ ಅನ್ವಯಿಸುವುದಿಲ್ಲ. ಆದ್ದರಿಂದ ಮುಂದಿನ ಹೋಲಿಕೆಯಲ್ಲಿ ರಸ್ತೆಯ ಜೀಪು ಮತ್ತು ತೋಟದ ಜೀಪು ಎಂದು ಎರಡನ್ನು ಬೇರೆಯಾಗಿಯೇ ನೋಡುತ್ತೇನೆ.

ಅದೇ ಮಾದರಿಯ ಹಳೆಯ ಎಂಜಿನ್

ಬ್ಲಾಕು ಒಡೆದಿದ್ದರೆ, ಕ್ರ್ಯಾಂಕು ಇನ್ನು ಗ್ರೈಂಡಿಂಗಿಗೂ ನಿಲ್ಲದಷ್ಟು ಸವೆದಿದ್ದರೆ, ರಸ್ತೆಯ ಜೀಪಿಗೆ ಉಳಿಯುವ ನೇರ ದಾರಿ ಇದೊಂದೇ. ಇನ್ನೊಂದು ಎಕ್ಸ್‌ಡಿಪಿ 4.90 ತಂದರೆ ಮೌಂಟಿಂಗ್, ಬೆಲ್ ಹೌಸಿಂಗ್, ಕ್ಲಚ್ಚು, ರೇಡಿಯೇಟರ್ ಪೈಪು, ಆಕ್ಸಿಲರೇಟರ್ ಕೊಂಡಿ ಎಲ್ಲವೂ ಇದ್ದಲ್ಲೇ ಕೂರುತ್ತವೆ, ಎರಡು ದಿನದಲ್ಲಿ ಜೀಪು ಓಡುತ್ತದೆ. ಆದರೆ ನಿಮ್ಮ ಎಂಜಿನ್ನಿನಷ್ಟೇ ವಯಸ್ಸಾದ ಮತ್ತೊಂದನ್ನು ನೀವು ಕೊಳ್ಳುತ್ತಿದ್ದೀರಿ ಎಂಬುದನ್ನು ಮರೆಯಬಾರದು. ಹಾಗಾಗಿ ನಾನು ಇದನ್ನು "ಓಡುವ ಎಂಜಿನ್" ಎಂದು ಕೊಳ್ಳುವುದಕ್ಕಿಂತ "ಒಳ್ಳೆಯ ಬ್ಲಾಕು ಮತ್ತು ಕ್ರ್ಯಾಂಕು" ಎಂದು ಕೊಳ್ಳಲು ಹೇಳುತ್ತೇನೆ. ಗುಜರಿಯ ಭಾಷೆಯಲ್ಲಿ ಹೆಡ್ಡಿಲ್ಲದ್ದು ಹಾಫ್ ಎಂಜಿನ್, ಹೆಡ್ಡು ಸಮೇತವಾದದ್ದು ಫುಲ್ ಎಂಜಿನ್. ನಿಮ್ಮ ಹೆಡ್ಡು, ಪಂಪು, ಮ್ಯಾನಿಫೋಲ್ಡು ಚೆನ್ನಾಗಿದ್ದರೆ ಹಾಫ್ ಎಂಜಿನ್ನೇ ಲಾಭದಾಯಕ. ಅದನ್ನು ಬಿಚ್ಚಿ ಒಳಗೆ ನೋಡಿಯೇ ಕೊಳ್ಳಬಹುದು ಎಂಬುದು ಅದರ ಇನ್ನೊಂದು ಅನುಕೂಲ.

ಎಕ್ಸ್‌ಡಿ3ಪಿ: ಅಣ್ಣನ ಎಂಜಿನ್

ಆರ್ಮಡಾ, ಮೊದಲ ಬೊಲೆರೊಗಳಲ್ಲಿ ಬಂದ ಪೆಜೋ ಎಕ್ಸ್‌ಡಿ3ಪಿ ಇದೇ ವಂಶದ ದೊಡ್ಡದು. ಬೋರ್ 94, ಸ್ಟ್ರೋಕ್ 90 ಮಿಲಿಮೀಟರ್, 2498 ಸಿಸಿ, ಶಕ್ತಿ ಸುಮಾರು 72 ಅಶ್ವಶಕ್ತಿ. ಚಾಲನೆಯ ದೃಷ್ಟಿಯಿಂದ ಮಾತ್ರ ಹೇಳುವುದಾದರೆ ಎಂಎಂ 540ಕ್ಕೆ ಇದಕ್ಕಿಂತ ಹಿತವಾದ ಎಂಜಿನ್ ನಾನು ಕಂಡಿಲ್ಲ. ಹಳೆಯದರ ಮೆದು ಸ್ವಭಾವ ಹಾಗೇ ಉಳಿದು, ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಿದ್ದ ಏರನ್ನು ಮೂರರಲ್ಲಿ ಹತ್ತುತ್ತದೆ. ಒಂದೇ ವಂಶದ್ದಾದ್ದರಿಂದ ಕೂರಿಸುವ ಕೆಲಸವೂ ಹಗುರ, ಆದರೂ ಫ್ಲೈವೀಲು, ಪೈಲಟ್ ಬೇರಿಂಗು, ಸೆಲ್ಫ್ ಮೋಟಾರು ಇವನ್ನು ಎಂಜಿನ್ನಿನ ಜೊತೆಗೇ ತೆಗೆದುಕೊಂಡು, ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿಗೆ ಕ್ಲಚ್ ಪ್ಲೇಟಿನ ಹಲ್ಲು ಹೊಂದುತ್ತದೆಯೇ ಎಂದು ನೋಡಿಕೊಂಡೇ ಜೋಡಿಸಬೇಕು. ಕಷ್ಟವಿರುವುದು ಆರ್‌ಸಿಯಲ್ಲಿ: 2112 ಎಂದಿರುವ ಕಡೆ 2498 ಸಿಸಿಯ ಎಂಜಿನ್ ಬಂದರೆ ಅದು 52ನೇ ಕಲಮು ತಡೆಯುವ ಮಾರ್ಪಾಡೇ ಆಗುತ್ತದೆ, ಒಂದೇ ಕಂಪನಿಯದ್ದೆಂಬ ಸಮಾಧಾನ ಅಲ್ಲಿ ನಡೆಯುವುದಿಲ್ಲ. ತೋಟದ ಜೀಪಿಗೆ ಇದು ನನ್ನ ಮೊದಲ ಆಯ್ಕೆ. ರಸ್ತೆಯ ಜೀಪಿಗೆ, ಮನಸ್ಸು ಎಷ್ಟು ಬಯಸಿದರೂ, ಬೇಡ.

ಡಿಐ ಎಂಜಿನ್: ಟ್ರ್ಯಾಕ್ಟರಿನ ರಕ್ತ

ಮಲೆನಾಡಿನ ಗ್ಯಾರೇಜುಗಳಲ್ಲಿ ಅತಿ ಹೆಚ್ಚು ಶಿಫಾರಸು ಪಡೆಯುವುದು ಮಹೀಂದ್ರಾದ 2523 ಸಿಸಿಯ ಡಿಐ. ಮಾರ್ಷಲ್, ಕಮಾಂಡರ್ 650 ಡಿಐ, ಬೊಲೆರೊಗಳಲ್ಲಿ ಲಕ್ಷಾಂತರ ಕಿಲೋಮೀಟರ್ ದುಡಿದ ಎಂಜಿನ್ ಇದು. ಜೀಪಿನ ಮೈಕಟ್ಟಿನ ಸಿಎಲ್ 550 ಎಂಡಿಐನಲ್ಲಿ ಕಂಪನಿಯೇ ಇದನ್ನು ಕೂರಿಸಿ ಮಾರಿತ್ತು. ಬೋರ್ 88.9, ಸ್ಟ್ರೋಕ್ 101.6 ಮಿಲಿಮೀಟರ್, ಅಂದರೆ ಸರಿಯಾಗಿ ಮೂರೂವರೆ ಮತ್ತು ನಾಲ್ಕು ಇಂಚು. ಈ ಇಂಚಿನ ಲೆಕ್ಕದಲ್ಲೇ ಇದರ ಮೂಲ ತಿಳಿಯುತ್ತದೆ. ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಎಂಜಿನ್ ಪರಂಪರೆಯಿಂದ ಬಂದದ್ದು ಇದು. ಸ್ಟ್ರೋಕು ಬೋರಿಗಿಂತ ಉದ್ದವಾಗಿರುವುದರಿಂದ ಕಡಿಮೆ ವೇಗದಲ್ಲೇ ಎಳೆತ ಬರುತ್ತದೆ. ಡೀಸೆಲ್ಲು ನೇರವಾಗಿ ಪಿಸ್ಟನ್ನಿನ ಮೇಲೆ ಉರಿಯುವುದರಿಂದ ಶಾಖ ಕಡಿಮೆ ಪೋಲಾಗಿ ಮೈಲೇಜು ಹೆಚ್ಚುತ್ತದೆ, ಚಳಿಯಲ್ಲೂ ಬೇಗ ಎದ್ದೇಳುತ್ತದೆ. ಬಿಡಿಭಾಗಗಳು ತಾಲ್ಲೂಕು ಕೇಂದ್ರಗಳಲ್ಲೂ ಸಿಗುತ್ತವೆ. ಇಷ್ಟೆಲ್ಲ ಗುಣಗಳನ್ನು ಒಪ್ಪಿಕೊಂಡೇ ನಾನು ಇದರ ಬಗ್ಗೆ ಎಚ್ಚರಿಸಲು ಬಯಸುತ್ತೇನೆ.

ಮೊದಲನೆಯದು ವೇಗದ ಲೆಕ್ಕ. ಟರ್ಬೊ ಇರುವ ಡಿಐ ತನ್ನ ಸುಮಾರು 63 ಅಶ್ವಶಕ್ತಿಯನ್ನು 3200 ಆರ್‌ಪಿಎಮ್‌ನಲ್ಲಿ ಕೊಡುತ್ತದೆ. ಎಕ್ಸ್‌ಡಿಪಿ ತನ್ನ 62ನ್ನು ಕೊಡುವುದು 4500ರಲ್ಲಿ. ಶಕ್ತಿ ಒಂದೇ, ಆದರೆ ಎಂಜಿನ್ ತಿರುಗುವ ವೇಗದಲ್ಲಿ ಸುಮಾರು ಶೇಕಡಾ 29ರಷ್ಟು ಕಡಿಮೆ. ನಿಮ್ಮ ಜೀಪಿನ ಡಿಫರೆನ್ಷಿಯಲ್ ಅನುಪಾತ (ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟು ತಿರುಗುವ ಸುತ್ತುಗಳು) ಹಳೆಯ ಜೀಪುಗಳ 5.38 ಆಗಿದ್ದು, 6.00–16 ಟಯರ್ ಇದ್ದು, ಟಾಪ್ ಗೇರಿನಲ್ಲಿ ಆ ಶಾಫ್ಟು ಎಂಜಿನ್ನಿನ ವೇಗದಲ್ಲೇ ತಿರುಗುವುದಾದರೆ, ಟಯರ್ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಉರುಳುತ್ತದೆ ಎಂದು ಹಿಡಿದು ಲೆಕ್ಕ ಹಾಕಿ ನೋಡಿ: 3200 ಆರ್‌ಪಿಎಮ್‌ನಲ್ಲಿ ಜೀಪಿನ ವೇಗ ಗಂಟೆಗೆ 78 ಕಿಲೋಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದೇ ಅನುಪಾತದಲ್ಲಿ 4500ರವರೆಗೆ ತಿರುಗಬಲ್ಲ ಎಂಜಿನ್ನಿಗೆ, ಗಾಳಿಯ ತಡೆಯನ್ನು ಬಿಟ್ಟು ಬರಿಯ ಲೆಕ್ಕದಲ್ಲಿ, 110ರ ಸಮೀಪದವರೆಗೆ ಅವಕಾಶವಿದೆ. ಡಿಫರೆನ್ಷಿಯಲ್ ಅನುಪಾತ 4.88 ಆಗಿದ್ದರೆ ಡಿಐಗೆ 86ರ ತನಕ ಸಿಗುತ್ತದೆ. ತೋಟದೊಳಗೆ ಇದರಿಂದ ಯಾವ ನಷ್ಟವೂ ಇಲ್ಲ. ಹಾಸನದಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಹೋಗಬೇಕಾದವರಿಗೆ ಮಾತ್ರ ಈ ವ್ಯತ್ಯಾಸ ನಾಲ್ಕು ಗಂಟೆಯ ಕಿವಿಗಡಚಿಕ್ಕುವ ಸದ್ದಾಗಿ ಅನುಭವಕ್ಕೆ ಬರುತ್ತದೆ. ಅನುಪಾತ ಗೊತ್ತಿಲ್ಲದಿದ್ದರೆ ಒಂದು ಹಿಂದಿನ ಚಕ್ರವನ್ನು ಜಾಕಿನಿಂದ ಎತ್ತಿ, ಇನ್ನೊಂದನ್ನು ನೆಲದಲ್ಲೇ ಬಿಟ್ಟು, ನೆಲದಲ್ಲಿರುವ ಚಕ್ರಗಳಿಗೆ ಭದ್ರವಾದ ಕಲ್ಲು ಕೊಟ್ಟು, ಗೇರು ನ್ಯೂಟ್ರಲ್‌ನಲ್ಲಿ ಇಟ್ಟು, ಎತ್ತಿದ ಚಕ್ರವನ್ನು ಎರಡು ಸುತ್ತು ತಿರುಗಿಸಿದಾಗ ಪ್ರೊಪೆಲ್ಲರ್ ಶಾಫ್ಟು ಎಷ್ಟು ಸುತ್ತು ತಿರುಗುತ್ತದೆ ಎಂದು ಎಣಿಸಿದರೆ ಅದೇ ಉತ್ತರ.

ಎರಡನೆಯದು ತೂಕ ಮತ್ತು ನಡುಕ. ಟ್ರ್ಯಾಕ್ಟರ್ ಮೂಲದ ಈ ಎರಕದ ಎಂಜಿನ್ ಹಳೆಯದಕ್ಕಿಂತ ಭಾರ. ಮುಂದಿನ ಲೀಫ್ ಸ್ಪ್ರಿಂಗುಗಳು ಕುಸಿದು ಸ್ಟಿಯರಿಂಗ್ ಭಾರವಾಗುತ್ತದೆ. ಇದರ ನಡುಕಕ್ಕೆ ಹಳೆಯ ಮೌಂಟಿಂಗ್ ಬ್ರಾಕೆಟ್ಟುಗಳು ಬಿರುಕು ಬಿಡುವುದನ್ನು, ರೇಡಿಯೇಟರಿನ ಬೆಸುಗೆ ಬಿಡುವುದನ್ನು ಕಂಡಿದ್ದೇನೆ. ಡಿಐಗೆಂದೇ ಮಾಡಿದ ಮೌಂಟಿಂಗ್ ರಬ್ಬರು, ಬ್ರಾಕೆಟ್ಟು, ಬೆಲ್ ಹೌಸಿಂಗುಗಳನ್ನೇ ಹುಡುಕಿ ಹಾಕಬೇಕು. ಲೇತಿನಲ್ಲಿ ಹೊಸದಾಗಿ ಕೊರೆದ ಅಡಾಪ್ಟರ್ ಪ್ಲೇಟಿನಲ್ಲಿ ಕೂದಲೆಳೆಯಷ್ಟು ಕೇಂದ್ರ ತಪ್ಪಿದರೂ ಗೇರ್‌ಬಾಕ್ಸಿನ ಇನ್‌ಪುಟ್ ಬೇರಿಂಗ್ ಒಂದೇ ವರ್ಷದಲ್ಲಿ ಊಳಿಡತೊಡಗುತ್ತದೆ.

ಮೂರನೆಯದು ಬಹುತೇಕರು ಗಮನಿಸದ ಸಂಗತಿ: ಆಯಿಲ್ ಸಂಪು, ಅಂದರೆ ಎಂಜಿನ್ನಿನ ತಳದಲ್ಲಿರುವ ಆಯಿಲ್ ತೊಟ್ಟಿ. ಗುಜರಿಗೆ ಬರುವ ಡಿಐ ಎಂಜಿನ್ನುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರಕ್ಕೆ ಚಾಲನೆಯಿಲ್ಲದ ಮಾರ್ಷಲ್, ಬೊಲೆರೊಗಳವು. ಫೋರ್ ವೀಲ್ ಜೀಪಿನಲ್ಲಿ ಎಂಜಿನ್ನಿನ ಕೆಳಗೇ ಮುಂದಿನ ಡಿಫರೆನ್ಷಿಯಲ್ ಇರುತ್ತದೆ, ಪಕ್ಕದಲ್ಲಿ ಮುಂದಿನ ಪ್ರೊಪೆಲ್ಲರ್ ಶಾಫ್ಟು ತಿರುಗುತ್ತದೆ. ಸಮತಟ್ಟಾದ ಗ್ಯಾರೇಜಿನಲ್ಲಿ ನಿಂತಾಗ ಎರಡು ಬೆರಳಿನ ಅಂತರ ಕಂಡರೂ, ಚರಂಡಿಗೆ ಇಳಿದು ಸ್ಪ್ರಿಂಗು ಪೂರ್ತಿ ಅದುಮಿದಾಗ ಡಿಫರೆನ್ಷಿಯಲ್ ಮೇಲೆ ಬಂದು ಸಂಪನ್ನು ಗುದ್ದುತ್ತದೆ. ಸಂಪು ತೂತಾಗಿ ಆಯಿಲ್ ಹರಿದುಹೋದದ್ದು ತೋಟದ ನಡುವಿನ ಏರಿನಲ್ಲಿ ಗೊತ್ತಾಗುವ ಹೊತ್ತಿಗೆ ಬೇರಿಂಗುಗಳು ಹೋಗಿರುತ್ತವೆ. ಸಂಪನ್ನು ಕತ್ತರಿಸಿ ಆಕಾರ ಬದಲಿಸಿದರೆ ಒಳಗಿನ ಆಯಿಲ್ ಪಿಕಪ್ ಪೈಪನ್ನೂ ಅದಕ್ಕೆ ತಕ್ಕಂತೆ ಸರಿಸಬೇಕು, ಮತ್ತು ಕಡಿದಾದ ಏರಿನಲ್ಲಿ ಆಯಿಲ್ ಹಿಂದಕ್ಕೆ ಸರಿದಾಗಲೂ ಪಿಕಪ್ಪಿನ ಬಾಯಿ ಮುಳುಗಿರುವಂತೆ ನೋಡಿಕೊಳ್ಳಬೇಕು. ಡಿಐ ಹಾಕಿಸುವವರು ಒಂದು ಮುಂದಿನ ಚಕ್ರವನ್ನು ದಿಮ್ಮಿಯ ಮೇಲೆ ಹತ್ತಿಸಿ, ಸ್ಪ್ರಿಂಗು ಪೂರ್ತಿ ಅದುಮಿದ ಸ್ಥಿತಿಯಲ್ಲಿ ಈ ಅಂತರವನ್ನು ತಾವೇ ಮಲಗಿ ನೋಡಬೇಕು ಎಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಕಾನೂನಿನ ಮಾತು ಎಕ್ಸ್‌ಡಿ3ಪಿಗೆ ಹೇಳಿದ್ದೇ ಇದಕ್ಕೂ ಅನ್ವಯಿಸುತ್ತದೆ. ಭಾರ ಹೊರುವ, ಟ್ರೈಲರ್ ಎಳೆಯುವ, ತೋಟ ಬಿಟ್ಟು ಹೊರಗೆ ಹೋಗದ ಜೀಪಿಗೆ ಮಾತ್ರ ಡಿಐ ಸೂಕ್ತ. ಕೊಳ್ಳುವಾಗ ನಂತರದ ಬೊಲೆರೊಗಳಲ್ಲಿ ಬಂದ ಕಾಮನ್ ರೈಲ್ ಎಂಜಿನ್ನನ್ನು ಇದೇ ಡಿಐ ಎಂದು ಭಾವಿಸಬಾರದು. ಅದಕ್ಕೆ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ), ಸೆನ್ಸರುಗಳು, ಪೂರ್ತಿ ವೈರಿಂಗು ಬೇಕಾಗುತ್ತವೆ, ಹೊಳೆ ದಾಟುವ ಹಳೆಯ ಜೀಪಿಗೆ ಅದು ಹೊಂದುವುದಿಲ್ಲ.

ಟೊಯೋಟಾ, ಇಸುಜು

ಕ್ವಾಲಿಸ್‌ನಲ್ಲಿದ್ದ 2446 ಸಿಸಿಯ ಟೊಯೋಟಾ 2ಎಲ್, ಕಾಂಟೆಸಾ ಮತ್ತು ಅಂಬಾಸಿಡರ್‌ಗಳಲ್ಲಿದ್ದ 1995 ಸಿಸಿಯ ಇಸುಜು ಡೀಸೆಲ್, ಎರಡೂ ನಯವಾದ, ದೀರ್ಘ ಬಾಳಿಕೆಯ ಎಂಜಿನ್ನುಗಳು. ಆದರೆ ಇವುಗಳಿಗಾಗಿ ಗೇರ್‌ಬಾಕ್ಸಿನಿಂದ ಹಿಡಿದು ಮೌಂಟಿಂಗಿನವರೆಗೆ ಎಲ್ಲವನ್ನೂ ಹೊಸದಾಗಿ ಮಾಡಿಸಬೇಕು. ಕ್ಯಾಮ್ ಬೆಲ್ಟನ್ನು ಹೇಳಿದ ಕಾಲಕ್ಕೆ ಬದಲಿಸದಿದ್ದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ರಸ್ತೆಯ ಜೀಪಿಗೆ ಕಾನೂನು ಒಪ್ಪುವುದಿಲ್ಲ, ತೋಟದ ಜೀಪಿಗೆ ಇಷ್ಟು ಖರ್ಚು ಸಲ್ಲುವುದಿಲ್ಲ. ಈ ಕೆಲಸವನ್ನು ಮೊದಲೇ ಮಾಡಿ ಮುಗಿಸಿದ ಅನುಭವಿ ಗ್ಯಾರೇಜು ಹತ್ತಿರದಲ್ಲಿ ಇದ್ದವರನ್ನು ಬಿಟ್ಟು ಉಳಿದವರಿಗೆ ನಾನು ಇದನ್ನು ಸೂಚಿಸುವುದಿಲ್ಲ.

ಗುಜರಿಯಲ್ಲಿ ನಿಂತಾಗ

ಹಳೆಯ ಎಂಜಿನ್ನಿಗಾಗಿ ಜನರು ಬೆಂಗಳೂರಿನ ಶಿವಾಜಿನಗರದ ಗುಜರಿಗೆ, ಬಿಡಿಭಾಗಗಳಿಗಾಗಿ ಜೆ.ಸಿ. ರಸ್ತೆಗೆ ಹೋಗುವುದು ವಾಡಿಕೆ. ನಾನು ಒಮ್ಮೆ ಹೊಸ ಬಣ್ಣ ಬಳಿದು, ಡೀಸೆಲ್ಲಿನಲ್ಲಿ ತೊಳೆದು ಹೊಳೆಯುವಂತೆ ನಿಲ್ಲಿಸಿದ್ದ ಎಂಜಿನ್ನನ್ನು ನೋಡಿ ಮರುಳಾಗಿ ಕೊಂಡು ತಂದಿದ್ದೆ. ಊರಿಗೆ ತಂದು ವೈರ್ ಬ್ರಷ್ಷಿನಿಂದ ಬಣ್ಣ ಕೆರೆದಾಗ ನೀರಿನ ಜಾಕೆಟ್ಟಿನ ಉದ್ದಕ್ಕೂ ವೆಲ್ಡಿಂಗಿನ ಗೆರೆ ಕಂಡಿತು. ಹಣವೂ ಹೋಯಿತು, ಲಾರಿ ಬಾಡಿಗೆಯೂ ಹೋಯಿತು. ಅಂದಿನಿಂದ ಬಣ್ಣ ಬಳಿದ ಎಂಜಿನ್ನನ್ನು ನಾನು ಮುಟ್ಟುವುದಿಲ್ಲ. ಗ್ರೀಸು, ಧೂಳು ಮೆತ್ತಿದ ಎಂಜಿನ್ ಎಲ್ಲಿ ಸೋರುತ್ತಿತ್ತು ಎಂಬುದನ್ನು ತಾನೇ ಹೇಳುತ್ತದೆ.

ನೋಡಬೇಕಾದ ಕ್ರಮ ಹೀಗೆ. ಆಯಿಲ್ ಕಡ್ಡಿಯನ್ನೂ ಮುಚ್ಚಳವನ್ನೂ ತೆಗೆದು ಮಜ್ಜಿಗೆಯ ಬಣ್ಣದ ಕೆನೆ ಇದೆಯೇ ನೋಡಿ. ಇದ್ದರೆ ನೀರು ಸೇರಿದೆ. ಮುಂದಿನ ಪುಲ್ಲಿಗೆ ಪಾನಾ ಹಾಕಿ ಎರಡು ಸುತ್ತು ಕೈಯಲ್ಲಿ ತಿರುಗಿಸಿ. ನಾಲ್ಕೂ ಕಂಪ್ರೆಷನ್ ಒಂದೇ ಬಿಗಿಯಲ್ಲಿ ಕೈಗೆ ತಾಗಬೇಕು, ನಡುವೆ ಎಲ್ಲೂ ಉಜ್ಜಿದ ಅನುಭವವಾಗಬಾರದು. ಪುಲ್ಲಿಯನ್ನು ಹಿಂದೆ ಮುಂದೆ ತಳ್ಳಿ ಎಳೆಯಿರಿ. ಟಕ್ ಎಂಬ ಸದ್ದಿನೊಂದಿಗೆ ಕ್ರ್ಯಾಂಕು ಅಲ್ಲಾಡಿದರೆ ಥ್ರಸ್ಟ್ ವಾಷರುಗಳು ಹೋಗಿವೆ. ಸಾಧ್ಯವಿದ್ದರೆ ಸಂಪು ಇಳಿಸಿ ಒಂದು ಬೇರಿಂಗ್ ಕ್ಯಾಪನ್ನು ಬಿಚ್ಚಿಸಿ ನೋಡಬೇಕು, ತಳದಲ್ಲಿ ಹೊಳೆಯುವ ಲೋಹದ ಚೂರುಗಳಿದ್ದರೆ ಬೆಲೆ ಮಾತನಾಡುವುದೇ ಬೇಡ. ನೆಲದ ಮೇಲೆಯೇ ಎಂಜಿನ್ ಸ್ಟಾರ್ಟ್ ಮಾಡಿ ತೋರಿಸುತ್ತೇವೆ ಎಂದರೆ ತಣ್ಣಗಿರುವ ಎಂಜಿನ್ನನ್ನೇ ನಿಮ್ಮ ಎದುರು ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಅದಕ್ಕೆ ಕಾರಣವಿದ್ದೇ ಇರುತ್ತದೆ.

ಎಂಜಿನ್ನಿನ ಬೆಲೆಯಷ್ಟೇ ಹಣವನ್ನು ಅದರ ಮುಂದಿನ ಕೆಲಸಕ್ಕೂ ತೆಗೆದಿಡಬೇಕು ಎಂಬುದು ನಾನು ಪಾಲಿಸುವ ಲೆಕ್ಕ. ಡೀಸೆಲ್ ಪಂಪು ಮತ್ತು ಇಂಜೆಕ್ಟರುಗಳನ್ನು ಬೆಂಚಿನ ಮೇಲೆ ಹಾಕಿಸಿ ಪರೀಕ್ಷಿಸದೆ ಕೂರಿಸಬಾರದು. 1951ರಲ್ಲಿ ಹುಟ್ಟಿದ, ಡೀಸೆಲ್ ಪಂಪು ತಯಾರಿಸುವ ಮೈಕೋ (ಈಗಿನ ಬಾಷ್) ಕಂಪನಿ ಬೆಂಗಳೂರಿನಲ್ಲಿ ನೆಲೆಯೂರಿದ್ದರ ಪುಣ್ಯವೋ ಎಂಬಂತೆ ನಮ್ಮ ರಾಜ್ಯದಲ್ಲಿ ಡೀಸೆಲ್ ಪಂಪು ಬಲ್ಲ ಕುಶಲ ಕೆಲಸಗಾರರಿಗೆ ಕೊರತೆಯಿಲ್ಲ. ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗು, ಹಿಂದಿನ ಆಯಿಲ್ ಸೀಲು, ನೀರಿನ ಪಂಪು ಇವನ್ನು ಎಂಜಿನ್ ಹೊರಗಿರುವಾಗಲೇ ಹೊಸದು ಹಾಕಿದರೆ ಮತ್ತೆ ಇಳಿಸುವ ಕೂಲಿ ಉಳಿಯುತ್ತದೆ. ಬ್ರೇಕ್ ಬೂಸ್ಟರ್ ಇರುವ ಜೀಪಾದರೆ ವ್ಯಾಕ್ಯೂಮ್ ಪಂಪು ಇರುವ ಆಲ್ಟರ್ನೇಟರನ್ನೇ ಹಾಕಬೇಕು, ಇಲ್ಲದಿದ್ದರೆ ಘಾಟಿಯ ಇಳಿಜಾರಿನಲ್ಲಿ ಬ್ರೇಕು ಕಲ್ಲಿನಂತೆ ಗಟ್ಟಿಯಾಗುತ್ತದೆ. ರೇಡಿಯೇಟರನ್ನು ಬಿಚ್ಚಿಸಿ ಸರಳು ಹಾಕಿ ಶುಚಿಗೊಳಿಸಿ, ಫ್ಯಾನಿನ ಸುತ್ತಲಿನ ತಗಡಿನ ಶ್ರೌಡನ್ನು ತಪ್ಪದೆ ಕೂರಿಸಬೇಕು. ಲೋ ಗೇರಿನಲ್ಲಿ ನಡಿಗೆಯ ವೇಗದಲ್ಲಿ ಹತ್ತುವಾಗ ಎದುರಿನಿಂದ ಗಾಳಿಯೇ ಬರುವುದಿಲ್ಲ, ಫ್ಯಾನು ಎಳೆದಷ್ಟೇ ಗಾಳಿ.

ಕೂರಿಸಿದ ಮೇಲೆ ಮೊದಲ 500 ಕಿಲೋಮೀಟರ್ ಭಾರ ಹೇರದೆ, ಹಾಗೆಂದು ಒಂದೇ ವೇಗದಲ್ಲಿ ನಿಧಾನವಾಗಿ ಎಳೆಯದೆ, ವೇಗವನ್ನು ಏರಿಳಿಸುತ್ತ ಓಡಿಸಬೇಕು. ಆಮೇಲೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ತಯಾರಕರು ಹೇಳಿದ ಬಿಗಿಗೆ ಹೆಡ್ ಬೋಲ್ಟುಗಳನ್ನು ನೋಡಿ, ಮೌಂಟಿಂಗ್ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಇಳಿಸಿದ ಹಳೆಯ ಬ್ಲಾಕನ್ನು ಮಾತ್ರ ಕೂಡಲೇ ಗುಜರಿಗೆ ಹಾಕಬೇಡಿ. ಹೊಸ ನಂಬರು ಆರ್‌ಸಿಯಲ್ಲಿ ಅಚ್ಚಾಗಿ ಕೈಗೆ ಬರುವವರೆಗೆ, ಹಳೆಯ ನಂಬರಿರುವ ಆ ಕಬ್ಬಿಣ ನಿಮ್ಮ ಶೆಡ್ಡಿನಲ್ಲೇ, ಮಳೆ ತಾಗದ ಮೂಲೆಯಲ್ಲಿ ಇರಲಿ.